ಮೂರನೆಯ ಕಪ್

"ಸ್ವಲ್ಪ ಸಕ್ಕರೆ ತರ್ತೀರಾ?" ಎಂದರು ಬೆಯೆನೆ.

ಅಸ್ನಾಕೆಚ್ ಒಳಗಿನಿಂದ ಡಬ್ಬಿ ಹಿಡಿದು ಬರುವಷ್ಟರಲ್ಲಿ ಅವರು ಎದ್ದು ಬಾಗಿಲ ಬಳಿ ನಿಂತಿದ್ದರು. ಮೂರು ವಾರದಿಂದ ಇದೇ ಆಟ.

"ಮೂರನೇ ಕಪ್?"

"ನಾಳೆ ಕುಡಿದ್ರಾಯ್ತು."

ಡೆಸ್ಸಿ ಊರಿನಲ್ಲಿ ಒಂದೇ ಕಾಫಿ ಪುಡಿಯನ್ನು ಮೂರು ಸಲ ಕುದಿಸುತ್ತಾರೆ. ಮೂರನೆಯದು ಆಶೀರ್ವಾದದ ಕಪ್. ಅದನ್ನು ಬಿಟ್ಟು ಏಳುವವರು ಮುನಿದವರು, ಇಲ್ಲವೇ ಬೇಸತ್ತವರು. ಬೆಯೆನೆ ಯಾವ ಬಗೆಯೋ ಎಂದು ಯೋಚಿಸಿ ಯೋಚಿಸಿ ಅವಳಿಗೆ ಸಾಕಾಗಿತ್ತು. ಉಪವಾಸದ ದಿನ ಚರ್ಚಿನ ಮೆಟ್ಟಿಲ ಮೇಲೆ ಅವಳು ತಲೆಸುತ್ತಿ ಬಿದ್ದಾಗ ಎತ್ತಿ ಮನೆಗೆ ಕರೆತಂದವರು ಅವರೇ. ಅಂದಿನಿಂದ ಅವಳಿಗೆ ಎಲ್ಲವೂ ಆಯಾಸ. ತಾನು ಅರವತ್ತೆಂಟರ ವಿಧವೆ, ಮೇಲೆ ಕುಂಟುನಡೆ. ಈ ನಿವೃತ್ತ ದರ್ಜಿಗೆ ತನ್ನ ಮೇಲೆ ಮನಸ್ಸಿದೆ ಎಂದುಕೊಂಡದ್ದೇ ಹುಚ್ಚು.

ಆದರೂ ಮತ್ತೆ ಬೀಳದಿರಲೆಂದು ನರ್ಸ್ ಹಿರುತ್ ಹೇಳಿಕೊಟ್ಟ ವ್ಯಾಯಾಮವನ್ನು ಅವಳು ಬಿಟ್ಟಿರಲಿಲ್ಲ. ಬೆಳಿಗ್ಗೆ ಬಾಗಿಲ ಚೌಕಟ್ಟು ಹಿಡಿದು ಒಂಟಿಕಾಲಲ್ಲಿ ಹತ್ತು ಎಣಿಸುವುದು. ಗೋಡೆಯ ಪಕ್ಕ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸಿ ನಡೆಯುವುದು. ಕೈ ಊರದೆ ಸ್ಟೂಲಿನಿಂದ ಏಳುವುದು. ಯಾರಿಗಾಗಿ ಎಂದು ಮಾತ್ರ ಕೇಳಿಕೊಳ್ಳುತ್ತಿರಲಿಲ್ಲ.

ಮರುದಿನ ಎರಡನೆಯ ಕಪ್ ಮುಗಿಯಿತು.

"ಸಕ್ಕರೆ..."

"ಇಲ್ಲೇ ಇದೆ." ಅವಳು ಶಾಲಿನಡಿಯಿಂದ ಡಬ್ಬಿ ತೆಗೆದಳು. "ಇವತ್ತು ನನ್ನ ಮುಖ ನೋಡ್ಕೊಂಡೇ ಏಳಿ. ನಿಮಗೆ ನಾನು ಬೇಜಾರಾಗಿದ್ರೆ ಬಾಯಿಬಿಟ್ಟು ಹೇಳಿ."

ಬೆಯೆನೆ ಖಾಲಿ ಕಪ್ಪಿನೊಳಗೆ ನೋಡಿದರು.

"ಏಳಕ್ಕಾಗಲ್ಲ, ಅಸ್ನಾಕೆಚ್."

"ಅಂದ್ರೆ?"

"ಈ ಮೋಟು ಸ್ಟೂಲಿಂದ. ಎರಡು ಕಪ್‌ವರೆಗೆ ಕಾಲು ಮಾತು ಕೇಳ್ತವೆ. ಮೂರನೇದಕ್ಕೆ ಮರಗಟ್ಟಿ ಹೋಗ್ತವೆ. ಹೋದ ತಿಂಗಳು ಮನೇಲಿ ಬಿದ್ದೂಬಿಟ್ಟೆ. ನೀವು ಒಳಗೆ ಹೋದಾಗ ಗೋಡೆ ತಬ್ಕೊಂಡು ಏಳ್ತೀನಿ. ನಿಮ್ಮನ್ನ ಎತ್ತಿದ ಗಂಡಸು, ನಿಮ್ಮೆದುರೇ ನಾಲ್ಕು ಕಾಲಲ್ಲಿ ಏಳ್ಲಾ?"

ಅವಳಿಗೆ ನಗು ಬಂತು. ದಣಿದ, ಸಣ್ಣ ನಗು.

"ಮುದಿ ಕತ್ತೆ! ಮೂರು ವಾರ ಅತ್ತಿದ್ದೀನಿ ನಾನು."

"ಅತ್ರಾ?" ಅವರ ಕಣ್ಣು ಮಿನುಗಿತು. "ನನಗೋಸ್ಕರಾನಾ?"

"ಈರುಳ್ಳಿಗೋಸ್ಕರ."

ಅವಳು ಮೂರನೆಯ ಕಪ್ ಬಗ್ಗಿಸಿದಳು. ಅವರು ಗುಟುಕು ಗುಟುಕಾಗಿ, ಮುಗಿಯದಿರಲಿ ಎಂಬಂತೆ ಕುಡಿದರು. ಆಮೇಲೆ ಏಳಲೆಂದು ಅವಳತ್ತ ಕೈ ಚಾಚಿದರು.

"ನನ್ನ ಹಿಡೀಬೇಡಿ, ಇಬ್ರೂ ಬೀಳ್ತೀವಿ," ಎಂದಳು ಅವಳು. "ಸ್ಟೂಲಿನ ಅಂಚಿಗೆ ಬನ್ನಿ. ಪಾದ ಹಿಂದಕ್ಕೆ ಎಳ್ಕೊಳ್ಳಿ. ಮೂಗು ಮಂಡಿ ದಾಟ್ಲಿ. ಹ್ಞಾಂ, ಏಳಿ."

ಮೊದಲ ಸಲ ಆಗಲಿಲ್ಲ. ಎರಡನೆಯ ಸಲವೂ ಕುಸಿದು ಕೂತರು. ಅವಳು ಕಾದಳು. ಕೊನೆಗೆ ಎದ್ದರು, ಸ್ವಲ್ಪ ತೂಗಾಡಿದರು, ನಿಂತರು.

"ಈಗ ಹಿಡೀಬಹುದಾ?"

"ಈಗ ಹಿಡ್ಕೊಳ್ಳಿ."

ಹೊಲಿದು ಹೊಲಿದು ಒರಟಾದ ಬೆರಳುಗಳು ಅವಳ ಅಂಗೈಯನ್ನು ಬಿಗಿಯಾಗಿ ಹಿಡಿದವು.

"ನಾಳೆ ನಮ್ಮನೆಯಿಂದ ಎತ್ತರದ ಕುರ್ಚಿ ತಂದುಬಿಡ್ತೀನಿ," ಎಂದರು.

"ತಂದ್ರೆ ಇಲ್ಲೇ ಇರ್ಬೇಕು. ದಿನಾ ಹೊತ್ಕೊಂಡು ಓಡಾಡಿದ್ರೆ ಮತ್ತೆ ಬೀಳ್ತೀರಿ."

"ಕುರ್ಚಿ ಮಾತ್ರಾನಾ ಇರೋದು?"

ಅಸ್ನಾಕೆಚ್ ತನ್ನ ಆಯಾಸವನ್ನೆಲ್ಲ ಅವರ ಹೆಗಲಿಗೆ ಆನಿಸಿದಳು.

"ಕೂರೋರಿಲ್ಲದ ಕುರ್ಚಿ ಯಾರಿಗೆ ಬೇಕು?"