ತಾತನ ಗಟ್ಟಿ ಲೆನ್ಸು

ಚೂಟಿ ದಿಂಬು ಎತ್ತಿಕೊಂಡು ಬಂದದ್ದೇ ತಡ, ಅಮ್ಮ ತಾತನ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತೂ ಬೇಡ. ನಿದ್ದೇಲಿ ನಿನ್ನ ಕಾಲು ನಿನ್ನ ಮಾತೇ ಕೇಳಲ್ಲ. ತಾತನ ಕಣ್ಣಿಗೆ ತಾಗಿದ್ರೆ?"

ಅಮ್ಮ ಹೇಳಿದ್ದು ಸುಳ್ಳಲ್ಲ. ಚೂಟಿ ನಿದ್ದೆಯಲ್ಲಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತಾಳೆ, ಸಿಕ್ಕಿದವರನ್ನು ಒದೆಯುತ್ತಾಳೆ. ಆದರೂ ಬುದ್ಧಿ ಬಂದಾಗಿನಿಂದ ಅವಳು ಮಲಗಿದ್ದು ತಾತನ ಪಕ್ಕದಲ್ಲೇ. ತಾತನಿಗೆ ಕಣ್ಣಿನ ಪೊರೆಯ ಆಪರೇಷನ್ ಆದಮೇಲೆ ಆ ಜಾಗ ಖಾಲಿ. ಅಮ್ಮನ ಪಕ್ಕ ಎಷ್ಟು ಹೊರಳಾಡಿದರೂ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಗೋಡೆಯಾಚೆ ತಾತ ಕೆಮ್ಮಿದರೆ ಸಾಕು, ಅಳು ಒತ್ತರಿಸಿಕೊಂಡು ಬರುತ್ತಿತ್ತು.

ಎದುರುಮನೆಯ ಟೈಲರ್ ಅತ್ತೆಗೂ ಅದೇ ದಿನ ಆಪರೇಷನ್ ಆಗಿತ್ತು. ಅವರಾಗಲೇ ಮೆಷಿನ್ ತುಳಿಯುತ್ತಿದ್ದರು! ಅವರ ಕಣ್ಣೊಳಗೆ ಇಟ್ಟದ್ದು ಮೆತ್ತನೆಯ ಲೆನ್ಸಂತೆ. ಮಡಿಸಿ ಒಳಗೆ ಬಿಟ್ಟರೆ ಅಲ್ಲೇ ಬಿಚ್ಚಿಕೊಳ್ಳುತ್ತದಂತೆ. ಸಣ್ಣ ಗಾಯ, ಹೊಲಿಗೆಯೇ ಬೇಕಿಲ್ಲ.

ಡಾಕ್ಟರಮ್ಮ ತಾತನಿಗೂ ಅದನ್ನೇ ಹೇಳಿದ್ದರು. ಆದರೆ ತಾತ ಕನ್ನಡಕದ ಅಂಗಡಿಯವರು. ಮೆತ್ತನೆಯದಕ್ಕೆ ಬೇಗ ಗೀರು ಬೀಳುತ್ತದೆ, ಗಟ್ಟಿಯದೇ ಬಾಳಿಕೆ ಬರುತ್ತದೆ ಎಂದು ಜೀವಮಾನವಿಡೀ ಗಿರಾಕಿಗಳಿಗೆ ಹೇಳಿದವರು. ಕಣ್ಣೊಳಗೆ ಹೋಗಿ ಯಾರು ಗೀರುತ್ತಾರೆ ಎಂದು ಡಾಕ್ಟರಮ್ಮ ನಕ್ಕರೂ ಅವರು ಹಟ ಬಿಡಲಿಲ್ಲ. ಗಟ್ಟಿ ಲೆನ್ಸು ಮಡಚುವುದಿಲ್ಲವಲ್ಲ, ಅದಕ್ಕೆ ಗಾಯ ದೊಡ್ಡದಾಯಿತು, ಹೊಲಿಗೆ ಬಿತ್ತು. ಮಾಯುವುದೂ ತಡವಾಯಿತು.

ಚೂಟಿಗೆ ತಾತನ ಮೇಲೆ ಕೆಟ್ಟ ಕೋಪ ಬಂತು. ಅವರಿಗೆ ತನಗಿಂತ ಲೆನ್ಸೇ ಹೆಚ್ಚಾಯಿತು ಅನ್ನಿಸಿ ಮಾತು ಬಿಟ್ಟಳು.

ಮರುದಿನ ಚೆಕಪ್‌ಗೆ ಅಮ್ಮ ಅವಳನ್ನೂ ಕರೆದುಕೊಂಡು ಹೋದಳು. ಡಾಕ್ಟರಮ್ಮ ಲೈಟ್ ಬಿಟ್ಟು ನೋಡಿ, ಗಾಯ ಚೆನ್ನಾಗಿ ಮಾಯುತ್ತಿದೆ, ಇನ್ನೂ ಸ್ವಲ್ಪ ದಿನ ಜೋಪಾನ ಎಂದರು. ತಾತನ ಇನ್ನೊಂದು ಕಣ್ಣಿಗೂ ಪೊರೆ ಬಂದಿತ್ತು. ಅದಕ್ಕೆ ಯಾವ ಲೆನ್ಸು ಹಾಕಲಿ ಎಂದು ಕೇಳಿದರು. ಉತ್ತರ ಗೊತ್ತಿದ್ದದ್ದೇ ಎಂಬಂತೆ ಅಮ್ಮ ನಿಟ್ಟುಸಿರು ಬಿಟ್ಟಳು.

ತಾತ ಗಂಟಲು ಸರಿಮಾಡಿಕೊಂಡರು. "ಮೆತ್ತನೇದೇ ಹಾಕಿ."

"ಏನು ಯಜಮಾನ್ರೇ, ಗೀರು ಬಿದ್ರೆ?"

"ಬೀಳಲಿ ಬಿಡಿ. ಈ ಹುಡುಗಿ ಹತ್ರ ಒದೆ ತಿನ್ನದೆ ನಂಗೆ ನಿದ್ದೇನೇ ಬರ್ತಿಲ್ಲ."

ಚೂಟಿ ತಲೆ ತಗ್ಗಿಸಿದಳು. ಕೋಪ ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ. ಹೊರಗೆ ಮೆಟ್ಟಿಲಿಳಿಯುವಾಗ ಅವಳೇ ಹೋಗಿ ತಾತನ ಕೈ ಹಿಡಿದುಕೊಂಡಳು. ಇನ್ನೂ ಸ್ವಲ್ಪ ದಿನ ಕಾಯಬೇಕು, ನಿಜ. ಆದರೆ ಕಾಯುತ್ತಿರುವುದು ತಾನೊಬ್ಬಳೇ ಅಲ್ಲ.