ಬಾಗಿದ ಮುಚ್ಚಳಗಳು

ಬೆಳಿಗ್ಗೆ ಬಾಗಿಲು ತೆಗೆದಾಗ ಮುಚ್ಚಳಗಳೆಲ್ಲ ದೋಣಿಗಳಾಗಿದ್ದವು.

ಮುಂಬಯಿಯ ಮಲಾಡಿನ ಆ ಷೆಡ್ಡಿನಲ್ಲಿ ಇನ್ನೂರು ಸೀರೆಪೆಟ್ಟಿಗೆಗಳ ಮುಚ್ಚಳಗಳನ್ನು ಹಿಂದಿನ ಸಂಜೆ ಒಣಗಲು ಹರಡಿದ್ದರು. ಈಗ ಪ್ರತಿಯೊಂದರ ಎರಡೂ ತುದಿ ಮೇಲೆದ್ದಿತ್ತು. ತಗಡಿನ ಸಂದಿಯಿಂದ ಇಳಿದ ನವೆಂಬರಿನ ಬಿಸಿಲಲ್ಲಿ, ಮೇಲೆ ಅಂಟಿಸಿದ ಕಾಗದದ ನೀಲಿ ನವಿಲುಗಳು ಎಲ್ಲಿಗೋ ತೇಲಿಹೋಗುತ್ತಿರುವಂತೆ ಕಂಡವು. ನೋಡುತ್ತ ನಿಂತುಬಿಡುವಷ್ಟು ಚಂದ. ಆದರೆ ಒಂದು ಮುಚ್ಚಳವೂ ಪೆಟ್ಟಿಗೆಯ ಮೇಲೆ ಕೂರುತ್ತಿರಲಿಲ್ಲ.

“ಅಂಟಿಗೆ ನೀರ ಹೆಚ್ಚ ಹಾಕ್ಯಾಳ!” ಮಾಲೀಕ ಗುರಲಿಂಗಪ್ಪ ಎಲ್ಲರೆದುರು ಗುಡುಗಿದರು. “ಹನುಮವ್ವಾ, ನಾಳಿಂದ ನಿನಗ ಕೆಲಸಿಲ್ಲ.”

“ಹನ್ನೊಂದ ವರ್ಷ ಆತ್ರಿ ಸಾವಕಾರ್ರ. ಅದ ಮೈದಾ, ಅದ ಅಳತಿ. ಈ ಕೆಲಸ ಹೋದ್ರ ನಾ ಎಲ್ಲಿ ಹೋಗ್ಲಿ?”

ವಡಾಲದ ಪ್ರಯೋಗಾಲಯವೊಂದರಲ್ಲಿ ಕಾಗದ ಪರೀಕ್ಷಿಸುವುದು ನನ್ನ ಮತ್ತು ಕೊರಗಪ್ಪನ ಕೆಲಸ. ಗುರಲಿಂಗಪ್ಪ ನನ್ನ ಊರಿನವರು. ಹೇಳಿಕಳಿಸಿದ್ದಕ್ಕೆ ಇಬ್ಬರೂ ಮಧ್ಯಾಹ್ನದ ಲೋಕಲ್ ರೈಲು ಹಿಡಿದು ಬಂದೆವು. ನಡೆದದ್ದನ್ನೆಲ್ಲ ಕೇಳಿದ ಕೊರಗಪ್ಪ ಬಹಳ ಹೊತ್ತು ನವಿಲುಗಳನ್ನೇ ನೋಡುತ್ತ ಕುಳಿತ. ನಂತರ ಕೇಳಿದ—

“ಹನುಮವ್ವ, ನಿನ್ನೆ ಅಂಟು ಎಷ್ಟು ಪಾತ್ರೆ ಕುದಿಸಿದ್ದು?”

“ಒಂದ ರೀ.”

“ಪೆಟ್ಟಿಗೆಯ ತಳಗಳಿಗೂ ಅದೇ ಅಂಟಾ?”

“ಅದ ರೀ.”

“ಹಾಗಾದ್ರೆ ತಳಗಳು ನೆಟ್ಟಗೆ ಕೂತಿವೆಯಲ್ಲ ಮಾರಾಯ್ರೆ, ಯಾಕೆ?”

ಎಲ್ಲರೂ ಹಿಂತಿರುಗಿ ನೋಡಿದರು. ಬಿಳಿ ಕಾಗದ ಹಚ್ಚಿದ ಇನ್ನೂರು ತಳಗಳು ಮೂಲೆಯಲ್ಲಿ ಸಪಾಟಾಗಿ ಪೇರಿಕೊಂಡಿದ್ದವು. ಬೆಳಿಗ್ಗೆಯಿಂದ ಅವನ್ನು ಯಾರೂ ನೋಡಿರಲಿಲ್ಲ.

“ಮುಚ್ಚಳದ ರಟ್ಟು ಹಸಿ ಇತ್ತೇನೋ?” ಎಂದರು ಗುರಲಿಂಗಪ್ಪ.

“ತಳಕ್ಕೂ ಅದೇ ರಟ್ಟು ಅಲ್ವಾ? ಕತ್ತರಿಸಿದ್ದು ಯಾರು?”

“ನಾನೇ ಸಾಬ್,” ಎಂದ ರಟ್ಟು, ಕಾಗದ ಎರಡನ್ನೂ ಕತ್ತರಿಸುವ ಅಮೀರಸಾಬ. ಹೇಳಿ, ಯಾಕೋ ಮಾಲೀಕರ ಮುಖ ನೋಡಿದ.

ಕೊರಗಪ್ಪ ಒಂದು ತಟ್ಟೆಯಲ್ಲಿ ನೀರು ತರಿಸಿದ. ನವಿಲು ಕಾಗದದ ಚೌಕ ತುಂಡೊಂದನ್ನು ಅದರ ಮೇಲೆ ತೇಲಿಬಿಟ್ಟ. ಕಾಗದ ಉಸಿರೆಳೆದುಕೊಂಡಂತೆ ಮೆಲ್ಲಗೆ ಸುರುಳಿಯಾಯಿತು. ನವಿಲು ತನ್ನನ್ನು ತಾನೇ ತಬ್ಬಿಕೊಂಡು ನಿದ್ದೆಹೋಯಿತು. ಷೆಡ್ಡಿನಲ್ಲಿ ಒಂದು ಕ್ಷಣ ಎಲ್ಲರೂ ತಮ್ಮ ಜಗಳ ಮರೆತರು.

“ನೋಡಿ, ಸುರುಳಿ ನವಿಲಿನ ಕಾಲಿನಿಂದ ತಲೆಯ ಕಡೆಗೆ ಉದ್ದ ಇದೆ. ಈ ಕಾಗದದ ನಾರು ಮಲಗಿರುವುದೂ ಹಾಗೇ. ನೆನೆದಾಗ ನಾರು ಉದ್ದಕ್ಕೆ ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಒಣಗಿದಾಗ ಅಡ್ಡಕ್ಕೇ ಕುಗ್ಗುತ್ತದೆ.” ಅವನು ಮುಚ್ಚಳದ ರಟ್ಟೊಂದನ್ನು ಎರಡೂ ಕಡೆಗೆ ಬಗ್ಗಿಸಿದ. ಅಗಲಕ್ಕೆ ಸುಲಭವಾಗಿ ಮಡಿಯಿತು, ಉದ್ದಕ್ಕೆ ಹಟ ಮಾಡಿತು. “ರಟ್ಟಿನ ನಾರು ಮುಚ್ಚಳದ ಉದ್ದಕ್ಕಿದೆ. ತಳದ ಬಿಳಿ ಕಾಗದದಂತೆ ಈ ಕಾಗದದ್ದೂ ಉದ್ದಕ್ಕೇ ಇದ್ದಿದ್ದರೆ ರಟ್ಟು, ಕಾಗದ ಎರಡೂ ಒಟ್ಟಿಗೆ ಕುಗ್ಗುತ್ತಿದ್ದವು. ಇಲ್ಲಿ ನವಿಲು ಅಗಲಕ್ಕೆ ನಿಂತಿದ್ದರಿಂದ ಕಾಗದದ ನಾರು ಅಡ್ಡ ಕೂತು, ಒಣಗುವಾಗ ತುದಿಗಳನ್ನು ಎಳೆದಿದೆ. ನಾರು ಸರಿಯಾಗಿ ಕೂರಬೇಕಾದರೆ ನವಿಲು ಮಲಗಬೇಕಿತ್ತು. ಅಮೀರಸಾಬರೇ, ನಿಲ್ಲಿಸಿದ್ದು ಯಾರು?”

ಅಮೀರಸಾಬ ತಲೆ ಕೆರೆದುಕೊಂಡ. “ಮೊದ್ಲ ಮಲಗ್ಸೇ ಕಡ್ದಿದ್ದೆ ಸಾಬ್. ಸೇಠ್ ಬಂದು, ‘ಸತ್ತ ಕೋಳಿ ಕಂಡಂಗ ಕಾಣ್ತಾವ, ಎಬ್ಬಿಸಿ ನಿಲ್ಲಸು’ ಅಂದ್ರು. ನಾರಿನ ಎಳಿ ಅಡ್ಡ ಆಗ್ತೈತಿ ಅಂದೆ. ‘ಕಾಗದ ಕಾಗದಾನ, ಸುಮ್ನ ಕಡಿ’ ಅಂದ್ರು.”

“ಬೆಳಿಗ್ಗೆ ಯಾಕ ಬಾಯಿ ಬಿಡ್ಲಿಲ್ಲೋ?” ಎಂದಳು ಹನುಮವ್ವ.

“ನನ್ನ ಕೆಲ್ಸಾನೂ ಹೋಗ್ತಿತ್ತಲ್ಲ ಅಕ್ಕಾ.”

“ಮುಚ್ಚಳ ಕೆಡಿಸಿದ್ದು ನೀವೇ ಗುರಲಿಂಗಪ್ನೋರೆ,” ಎಂದ ಕೊರಗಪ್ಪ ಮೆತ್ತಗೆ. “ನವಿಲು ಚಂದ ಕಾಣಲಿ ಅಂತ ಮಾಡಿದ್ರಿ. ಕೇಡು ಬಯಸಿ ಅಲ್ಲ.”

ಗುರಲಿಂಗಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. “ಆತವಾ ಹನುಮವ್ವಾ. ನಾಳಿ ಬಾ.”

“ಬರ್ತೀನ್ರಿ. ಬೈದದ್ದ ಎಲ್ಲಾರ ಮುಂದ. ಇದನ್ನೂ ಎಲ್ಲಾರ ಮುಂದ ಅನ್ರಿ.”

ಹೊರಗೆ ಕಟ್ಟೆಯ ಮೇಲೆ, ಬೆಳಿಗ್ಗೆ ಆ ಬೈಗುಳ ಕೇಳಿದ್ದ ಹೆಂಗಸರು ಚಹಾ ಕುಡಿಯುತ್ತಿದ್ದರು. ಗುರಲಿಂಗಪ್ಪ ಹೊಸ್ತಿಲಲ್ಲಿ ನಿಂತು ನೆಲ ನೋಡುತ್ತ ಹೇಳಿದರು: “ತಪ್ಪ ಆಕಿದಲ್ಲ. ನಂದು.”

“ಕೇಳಸಲಿಲ್ರಿ,” ಎಂದಳು ಅವರಲ್ಲೇ ಹಿಂದೆ ಕೂತಿದ್ದ ಮಲ್ಲಕ್ಕ.

ಅವರು ತಲೆಯೆತ್ತಿ, ಗಟ್ಟಿಯಾಗಿ, ಇನ್ನೊಮ್ಮೆ ಹೇಳಿದರು.