ಮೂಲೆಮನೆಯ ಒಪ್ಪಿಗೆ

ಅಜ್ಜಿಯ ಕಥೆಗಳಲ್ಲಿ ದೆವ್ವ ಬರುವುದು ಕತ್ತಲಾದ ಮೇಲೆ. ನಾನು ಹೇಳುತ್ತಿರುವುದು ಬಿಸಿಲು ಚುರುಗುಟ್ಟುವ ಮಧ್ಯಾಹ್ನದ ಮಾತು.

ನಮ್ಮ ಹಳೆಯ ಬೀದಿಯನ್ನು ಕೆಡವಿ ಎತ್ತರದ ಕಟ್ಟಡ ಏಳಿಸಲು ಹೊರಟಿದ್ದರು. ಅದನ್ನು ಸಂರಕ್ಷಿತ ವಲಯವೆಂದು ಸಾರಿದರೆ ಮಾತ್ರ ಉಳಿಗಾಲ. ಅದಕ್ಕೆ ಪ್ರತಿ ಮನೆಯಿಂದಲೂ ಒಬ್ಬರು ಬಾಯಿಬಿಟ್ಟು ಒಪ್ಪಬೇಕು. ಒಂದು ಮನೆ ಸುಮ್ಮನಿದ್ದರೂ ಎಲ್ಲ ಮಣ್ಣುಪಾಲು. ಆದರೆ ಮೂಲೆಮನೆಯಲ್ಲಿ ಒಂಟಿಯಾಗಿದ್ದ ಟೈಲರ್ ಅತ್ತೆ ತೀರಿಕೊಂಡ ಮೇಲೆ ಅದಕ್ಕೆ ಬೀಗ ಬಿದ್ದಿತ್ತು.

ನಗರಯೋಜನೆಯ ಅಧಿಕಾರಿ ಬೀದಿಯಲ್ಲೇ ನಿಂತು ಒಂದೊಂದು ಮನೆಯವರನ್ನೂ ಕೂಗುತ್ತ ಬಂದರು. ದಾರಿ ತೋರಿಸಲು ನಾನೂ ಅಜ್ಜಿಯೂ ಜೊತೆಗಿದ್ದೆವು.

“ಒಪ್ಪಿಗೆ ಸಾರ್! ಪಕ್ಕದ್ಮನೆಯೋರ ಜಗಳಾನೂ ಸೇರ್ಸಿ ಕಾಪಾಡಿ,” ಎಂದರು ಗಡಿಯಾರ ರಿಪೇರಿ ಮಾವ. ಎಲ್ಲರೂ ನಕ್ಕರು.

ಮೂಲೆಮನೆ ಬಂತು. ಬೀಗ ಬಳ್ಳಿಯ ಮರೆಯಲ್ಲಿತ್ತು. ಬಾಗಿಲ ಸಂದಿಯಿಂದ ಬಾವಿಯೊಳಗಿನಂಥ ತಂಪು ಹೊರಬರುತ್ತಿತ್ತು. ಒಳಗೆ ಹೊಲಿಗೆ ಯಂತ್ರ ಟಕಟಕ ಓಡುತ್ತಿತ್ತು, ಯಾರೋ ನಿದ್ದೆಗಣ್ಣಲ್ಲಿ ತುಳಿಯುತ್ತಿರುವಂತೆ.

“ಮನೇಲಿ ಯಾರಿದೀರಿ?” ಎಂದು ಅಧಿಕಾರಿ ಕೂಗಿದರು.

ಯಂತ್ರ ನಿಂತಿತು.

“ಇದೀನಪ್ಪಾ. ಬೀದಿ ಹೀಗೇ ಇರ್ಲಿ,” ಎಂದಿತು ಹೆಣ್ಣುದನಿ, ಹಲ್ಲಲ್ಲಿ ದಾರ ಕಚ್ಚಿಕೊಂಡೇ ಮಾತಾಡಿದಂತೆ.

ಅಧಿಕಾರಿ ತಲೆಯಾಡಿಸಿ ಮುಂದೆ ನಡೆದರು.

“ಅಜ್ಜೀ, ಅದು...”

“ಒಪ್ಪಿಗೆ ಸಿಕ್ತಲ್ಲ, ಬಾಯ್ಮುಚ್ಕೊಂಡು ನಡಿ ಕೂಸೇ.” ಅಜ್ಜಿ ನನ್ನ ಕೈ ಹಿಡಿದು ಮುಂದಕ್ಕೆ ಎಳೆದಳು.

ಬೀದಿ ಉಳಿಯಿತು. ಆದರೆ ಅತ್ತೆಯ ಹೊಲಿಗೆ ಯಂತ್ರ ಆ ಮನೆಯಲ್ಲಿ ಇರಲೇ ಇಲ್ಲ. ಅವಳು ಹೋದ ಮೇಲೆ ಅಜ್ಜಿಯೇ ಅದನ್ನು ನಮ್ಮ ನಡುಮನೆಗೆ ತಂದಿಟ್ಟಿದ್ದಳು. ಅಂದು ಹಿಂದಿರುಗಿ ನಮ್ಮ ಬಾಗಿಲ ಬೀಗ ತೆಗೆದಾಗ ಅದರ ಚಕ್ರ ಇನ್ನೂ ಮೆಲ್ಲಗೆ ತಿರುಗುತ್ತಿತ್ತು.